ಎರಡು ಹಳೆಯ ಕಂಡೆನ್ಸರು

“ಹೊಳೆಪ್ಪಾ, ಆ ನಿನ್ನ ಪೆಟ್ಟಿಗಿಯೊಳಗ ಎಮ್ಮಿ ಕಟ್ಟೀ ಏನು?”

ಶಿದ್ಲಿಂಗಪ್ಪ ಬುವಾ ಇದನ್ನು ಕೇಳಿದ್ದು ಕುಂದಗೋಳದ ಬಸ್ ನಿಲ್ದಾಣದ ಎದುರಿಗೆ, ಶಂಕ್ರಪ್ಪನ ಚಹಾದಂಗಡಿಯಲ್ಲಿ, ಸೋಮವಾರ ಮುಂಜಾನೆ ಎಂಟು ಗಂಟೆಗೆ, ಹನ್ನೊಂದು ಮಂದಿಯ ಎದುರು. ಹನ್ನೊಂದು ಅಂತ ಖಾತ್ರಿಯಾಗಿ ಹೇಳುತ್ತೇನೆ, ಯಾಕೆಂದರೆ ಸಿಟ್ಟು ಬಂದಾಗ ನಾನು ಎಣಿಸುತ್ತೇನೆ. ಏಳನೇ ಇಯತ್ತೆಯಲ್ಲಿ ಮಾಸ್ತರರು ಬಾರಿಸಿದಾಗಲೂ ಎಣಿಸಿದ್ದೆ. ಎಣಿಕೆ ಹದಿನಾಲ್ಕಕ್ಕೆ ಬಂದಾಗ ಪಾಟಿಯನ್ನು ಅವರ ಮೇಜಿನ ಮೇಲಿಟ್ಟು ಮನೆಗೆ ಬಂದವನು ಮತ್ತೆ ಸಾಲಿಯ ಕಡೆ ತಲೆ ಹಾಕಿಲ್ಲ.

“ಎಮ್ಮಿ ಅಲ್ರಿ, ಅದು ಆಂಪ್ಲಿಫಾಯರ್,” ಅಂದೆ.

“ಎಮ್ಮಿ ಆಗಿದ್ರ ಹಾಲರೆ ಕೊಡತಿತ್ತು.” ಬುವಾ ಹನ್ನೊಂದು ಮಂದಿಯ ಕಡೆ ತಿರುಗಿದ. “ಎರಡ ವರ್ಷ ಆತ್ರಿ, ನನ್ನ ಗ್ವಾಡಿ ಆಚೆ ಕಡೆ ಹಗಲೆಲ್ಲಾ ಗುಂಯ್ ಅಂತೈತಿ. ಮಾಸ್ತರ ಎಬ್ಬಿಸಿ ಮಗ್ಗಿ ಕೇಳಿದ್ರ, ಬರಲಾರದ ಹುಡುಗ ಹುಂ ಹುಂ ಅಂತ ನಿಂದ್ರತಾನಲ್ಲ, ಹಂಗ. ಕಟ್ಟಿದವನೂ ಸಾಲಿ ಬಿಟ್ಟವ, ಅದೂ ಸಾಲಿ ಬಿಟ್ಟದ್ದು.”

ಹತ್ತು ಮಂದಿ ನಕ್ಕರು. ಹನ್ನೊಂದನೆಯವನ ಬಾಯಲ್ಲಿ ಚಹಾ ಇತ್ತು, ಅವನು ನುಂಗಿಯಾದ ಮೇಲೆ ನಕ್ಕ.

ನಾನು ಬಾಕಿನಿಂದ ಎದ್ದು ನಿಂತೆ. “ಬುವಾ, ಇದೇ ಬಾಕಿನ ಮ್ಯಾಲ, ಇದೇ ಮಂದಿ ಮುಂದ ನೀವು ಈ ಮಾತು ತಿರುಗಿ ತಗೊಳ್ಳೂತನಕಾ ನಾ ಈ ಅಂಗಡಿ ಚಹಾ ಮುಟ್ಟೂದಿಲ್ಲ.”

“ಕೈಯಾಗಿಂದು ಪೂರಾ ಮಾಡಿ ಹೋಗೋ,” ಅಂದ ಶಂಕ್ರಪ್ಪ. “ನಿನಗಂತ ಸಕ್ಕರಿ ಒಂದ ಚಮಚಾ ಹೆಚ್ಚಿಗಿ ಹಾಕೀನಿ.”

ಅರ್ಧ ಕಪ್ಪು ಬಿಟ್ಟು ಬಂದೆ. ಶಪಥ ಮಾಡಿದವನು ಸಕ್ಕರೆಯ ಕಡೆ ನೋಡಬಾರದು.

ಆ ಆಂಪ್ಲಿಫಾಯರನ್ನು ನೋಡದವರಿಗೆ ನನ್ನ ಸಿಟ್ಟು ಅರ್ಥವಾಗುವುದಿಲ್ಲ. ಹಸನಸಾಬನ ರೇಡಿಯೋ ರಿಪೇರಿ ಅಂಗಡಿಯಲ್ಲಿ ಐದು ವರ್ಷ ಕೆಲಸ ಕಲಿತು, ಕೈಯಾರೆ ಕಟ್ಟಿದ್ದು ಅದು. ಟ್ರಾನ್ಸ್‌ಫಾರ್ಮರು ಮುಚ್ಚಿಹೋದ ಟೂರಿಂಗ್ ಟಾಕೀಸಿನದು. ತಳಕ್ಕೆ ಸೀಮೆಎಣ್ಣೆಯ ಡಬ್ಬಿ ಕತ್ತರಿಸಿ ತಟ್ಟಿದ ತಗಡು. ಮೇಲೆ ನಾಲ್ಕು ಗಾಜಿನ ವಾಲ್ವು, ಹೊತ್ತಿಕೊಂಡರೆ ನಾಲ್ಕು ಸಣ್ಣ ಕಂದೀಲಿನ ಹಾಗೆ ಕೆಂಪಗೆ. ಸ್ಪೀಕರನ್ನು ದೊಡ್ಡದೊಂದು ಮಣ್ಣಿನ ಹರವಿಯ ಬಾಯಿಗೆ ಕೂರಿಸಿ, ಹರವಿಯನ್ನು ಗೋಡೆಯ ಗೂಡಿನಲ್ಲಿ ಇಟ್ಟಿದ್ದೆ. ರೆಕಾರ್ಡು ಹಾಕಿದರೆ ಹರವಿಯೇ ಹಾಡಿದಂತೆ. ಎಪ್ಪತ್ತೈದನೇ ಇಸವಿ ಬಂದಿತ್ತು, ಮಂದಿ ಅಂಗೈಯಗಲದ ಟ್ರಾನ್ಸಿಸ್ಟರು ಹೆಗಲಿಗೆ ಹಾಕಿಕೊಂಡು ಎತ್ತಿನ ಹಿಂದೆ ಹೋಗುತ್ತಿದ್ದರು. ಅವು ಕೀಂವ್ ಅನ್ನುತ್ತವೆ, ಹಾಡುವುದಿಲ್ಲ. ಹುಬ್ಬಳ್ಳಿಯಿಂದ ಹರಿಹರದ ತನಕ ನನ್ನಂಥ ಮಿಷಿನ್ನು ಇನ್ನೊಂದಿಲ್ಲ ಎಂದು ನಾನು ಹೇಳುತ್ತಿದ್ದೆ. ಹರಿಹರದ ತನಕ ಯಾರೂ ಹೋಗಿ ನೋಡಿ ಬಂದಿರಲಿಲ್ಲ.

ಆರಿಸಿ ಹೊತ್ತಿಸಿ ಮಾಡಿದರೆ ವಾಲ್ವು ಸೀಳುತ್ತವೆ ಎಂಬುದು ನನ್ನ ನಂಬಿಕೆ. ಹಾಗಾಗಿ ಮುಂಜಾನೆ ಐದಕ್ಕೆ ಹಚ್ಚಿದರೆ ರಾತ್ರಿ ಊಟದ ಹೊತ್ತಿಗೇ ಆರಿಸುವುದು. ರೆಕಾರ್ಡು ಇರಲಿ ಬಿಡಲಿ, ಅದು ತನ್ನ ಪಾಡಿಗೆ ಗುಂಯ್ ಅನ್ನುತ್ತ ಕೂತಿರುತ್ತಿತ್ತು. ನಮ್ಮವ್ವ ಅನ್ನವ್ವ ವಾಲ್ವಿನ ಬಿಸಿಗೆ ಹಪ್ಪಳ ಒಣಗಿಸುತ್ತಿದ್ದಳು.

ಆ ಗೋಡೆಯ ಆಚೆ ಬುವಾನ ಮನೆ. ನಮ್ಮೂರಲ್ಲಿ ಹಾಡದವನು ಕೂಡ ತಾಳ ಹಾಕುತ್ತಾನೆ, ಹಾಗಾಗಿ ಇಲ್ಲಿ ಗವಾಯಿ ಅನ್ನಿಸಿಕೊಳ್ಳುವುದು ಸಸಾರದ ಮಾತಲ್ಲ. ಬುವಾ ಅನ್ನಿಸಿಕೊಂಡಿದ್ದ, ಅದೂ ತಂಬೂರಿಯಿಲ್ಲದೆ. ಎರಡು ವರ್ಷದ ಹಿಂದೆ ಅವನ ತಂಬೂರಿ ಗೂಟದಿಂದ ಬಿದ್ದು ಬುರುಡೆ ಸೀಳಿತ್ತು. ಅಂದಿನಿಂದ ಅದು ಕೆಂಪು ಗವಸು ಹಾಕಿಕೊಂಡು ಗೋಡೆಗೆ ನೇತಾಡುತ್ತಿತ್ತು, ಮುಖ ತೋರಿಸಿರಲಿಲ್ಲ. “ನನಗ ತಂಬೂರಿ ಬೇಕಾಗಿಲ್ಲ,” ಎನ್ನುತ್ತಿದ್ದ ಬುವಾ. “ಸಾ ನನ್ನ ಕಿವ್ಯಾಗ ಹುಟ್ಟತೈತಿ.” ಮಂದಿ ಕಟ್ಟೆಯ ಮೇಲೆ ಕೂತು ಬೆರಗಾಗಿ ಕೇಳುತ್ತಿದ್ದರು. ಕರೆಂಟು ಹೋದರೆ ಮಾತ್ರ ನಡುವೆಯೇ ನಿಲ್ಲಿಸುತ್ತಿದ್ದ. “ಬೆಳಕು ಹ್ವಾದ ಮ್ಯಾಲ ರಾಗದ ಮುಖಾ ಕಾಣೂದಿಲ್ಲ.” ನಡು ಮಧ್ಯಾಹ್ನ ಕರೆಂಟು ಹೋದಾಗಲೂ ಹಾಗೇ ಹೇಳುತ್ತಿದ್ದ, ಓಣಿ ಆಗಲೂ ತಲೆದೂಗುತ್ತಿತ್ತು. ನಾನೂ ತೂಗಿದ್ದೆ ಎಂಬುದನ್ನು ನೆನೆದರೆ ಈಗ ಮತ್ತೆ ಎಣಿಸಬೇಕೆನಿಸುತ್ತದೆ.

ಮುಂದಿನ ವಾರದ ಶನಿವಾರ, ಹತ್ತಿ ದಲಾಲರ ವಾಡೆಯ ಅಂಗಳದಲ್ಲಿ ಬುವಾನ ಗಾಯನ ಎಂದು ಗೊತ್ತಾಗಿತ್ತು. ಧಾರವಾಡದಿಂದ ಕೇಳುವವರು ಬರುವವರಿದ್ದರು. ತಂಬೂರಿಯಿಲ್ಲದೆ ಹಾಡುವ ಮನುಷ್ಯನನ್ನು ಕಣ್ಣಾರೆ ನೋಡಬೇಕಂತೆ.

ಚಹಾದಂಗಡಿಯಿಂದ ನೆಟ್ಟಗೆ ಹಸನಸಾಬನ ಅಂಗಡಿಗೆ ಹೋದೆ. ಅಲ್ಲಿ ಲೈನ್‌ಮನ್ ಈರಬಸಪ್ಪ ತನ್ನ ರೇಡಿಯೋದ ಮುಳ್ಳು ಸರಿಮಾಡಿಸುತ್ತ ಕೂತಿದ್ದ.

“ಕಾಕಾ, ಗುಂಯ್ ಅನ್ನೋದು ನಿಲ್ಲಬೇಕು,” ಅಂದೆ.

“ನಾ ಅಂದು ಹೇಳಿದ್ದೆ ನಿನಗ,” ಅಂದ ಹಸನಸಾಬ, ಕನ್ನಡಕ ಏರಿಸಿ. “ಗುಜರಿ ಕಂಡೆನ್ಸರ್ ಹಾಕಬ್ಯಾಡ ಬೇಟಾ ಅಂತ. ಗುಂಯ್ ಅನ್ನೋ ಸಪ್ಪಳಾ ಕುಡಿಯೋದು ಕಂಡೆನ್ಸರಿನ ಕೆಲಸ. ನಿನ್ನವು ಹೊಟ್ಟಿ ಒಣಗಿ ಕುಂತಾವ, ಎಲ್ಲಿಂದ ಕುಡೀತಾವ? ಅಗದಿ ಹೊಸಾವ ತಂದು ಹಾಕು.”

“ಸಪ್ಪಳಾ ಕುಡೀತಾವ?” ಎಂದು ಕೇಳಿದ ಈರಬಸಪ್ಪ.

“ಒಂದ ಹನಿ ಬಿಡೂದಿಲ್ಲ,” ಅಂದ ಹಸನಸಾಬ.

ಈ ಮಾತು ನೆನಪಿರಲಿ. ಈರಬಸಪ್ಪನಿಗೂ ಇತ್ತು.

ಮಂಗಳವಾರ ಹುಬ್ಬಳ್ಳಿಯ ಗಾಡಿ ಹತ್ತಿದೆ. ಹೆಬ್ಬೆರಳಿಗಿಂತ ದಪ್ಪನೆಯ ಎರಡು ಕಂಡೆನ್ಸರು, ಸಣ್ಣವು ಆರು, ಹೊಸ ವಾಲ್ವು ಒಂದು. ಎಲ್ಲವನ್ನೂ ಟವೆಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟು, ಎರಡೂ ಕೈ ಅಡ್ಡ ಹಿಡಿದು ವಾಪಸು ಕೂತಿದ್ದೆ. ಎದುರಿಗಿದ್ದ ಮುದುಕಿ ಬಹಳ ಹೊತ್ತು ನೋಡಿದಳು.

“ಜವಾರಿ ಕೋಳಿವೇನೋ ಯಪ್ಪಾ?”

“ತತ್ತಿ ಅಲ್ಲಬೇ. ಕಂಡೆನ್ಸರ್.”

“ಕಾವಿಗೆ ಕೂಡಸ್ತೀ, ತಿನ್ನಾಕೋ?”

ಕುಂದಗೋಳ ಬರುವ ತನಕ ನಾನು ಕಿಟಕಿಯ ಹೊರಗೆ ನೋಡಿದೆ.

ಬುಧವಾರ ಇಡೀ ದಿನ ಬೆಸುಗೆ. ಹಳೆಯ ದೊಡ್ಡ ಕಂಡೆನ್ಸರು ಎರಡನ್ನೂ ಕಿತ್ತು ಅಂಗಿಯ ಕಿಸೆಗೆ ಹಾಕಿಕೊಂಡೆ, ಎರಡು ವರ್ಷ ನನ್ನ ಮರ್ಯಾದೆ ತೆಗೆದವುಗಳನ್ನು ಕಣ್ಣಳತೆಯಲ್ಲೇ ಇಟ್ಟುಕೊಳ್ಳಬೇಕು ಎಂದು. ಸಂಜೆ ಹೊಸ ವಾಲ್ವು ಕೂರಿಸಿ ಸ್ವಿಚ್ಚು ಒತ್ತಿದೆ. ನಾಲ್ಕು ಕಂದೀಲು ಕೆಂಪಗಾದವು. ಸಪ್ಪಳವಿಲ್ಲ. ಹರವಿಯೊಳಗೆ ತಲೆ ಹಾಕಿ ಕೇಳಿದೆ. ಬಾವಿಯ ತಳದಲ್ಲೂ ಅಷ್ಟು ನಿಶ್ಶಬ್ದ ಇರುವುದಿಲ್ಲ. ನನ್ನ ಎದೆ ಉಬ್ಬಿತು.

ಅವ್ವ ಒಲೆಯ ಮುಂದಿನಿಂದ ಓಡಿ ಬಂದಳು. “ಯಾಕೋ, ಸುಮ್ಮನಾತಲ್ಲ. ಸತ್ತಿತೇನು?”

“ಸತ್ತಿಲ್ಲಬೇ. ಶಾಣ್ಯಾ ಆಗೈತಿ.”

“ಎರಡ ವರ್ಷದ್ದು ಒಮ್ಮಿಗೇ ಹ್ಯಾಂಗ ಸುಮ್ಮ ಆಗತೈತಿ,” ಎಂದು ಅವ್ವ ಅದರ ತಗಡು ಮುಟ್ಟಿ ನೋಡಿದಳು, ಜ್ವರ ನೋಡುವ ಹಾಗೆ.

ಎದುರು ಮನೆಯ ಬಾಷಾಬಿ ಸೆರಗು ತಲೆಗೆ ಎಳೆದುಕೊಳ್ಳುತ್ತ ಬಂದಳು. “ಅನ್ನವ್ವಾ, ಗುಂಯ್ ಅನ್ನೋದು ಬಂದಾಗೈತಿ. ಮನ್ಯಾಗ ಎಲ್ಲಾರೂ ಆರಾಮ ಅದೀರಿಲ್ಲೋ?” ಅವಳ ಹಿಂದೆ ಇನ್ನೂ ಆರು ಮಂದಿ. ಒಬ್ಬರೂ ಕೂಡಲಿಲ್ಲ, ಗೋಡೆ ಹಿಡಿದು ನಿಂತರು. ಒಬ್ಬಾಕೆ ಅವ್ವನ ಹೆಗಲ ಮೇಲೆ ಕೈಯಿಟ್ಟು, “ಇದ್ದಷ್ಟು ದಿನಾ ಚೊಲೋ ಇತ್ತು,” ಅಂದಳು.

ನಾನು ರೆಕಾರ್ಡು ಹಾಕಿದೆ.

ಹಾಡುಗಾರ್ತಿ ಹಾಡುವ ಮೊದಲು ಉಸಿರು ತೆಗೆದುಕೊಂಡದ್ದು ಕೇಳಿಸಿತು. ತಬಲಾದವನ ಉಂಗುರ ತಬಲಾದ ಅಂಚಿಗೆ ತಾಕಿದ್ದು ಕೇಳಿಸಿತು. ಹಿಂದೆ ಯಾರೋ ಕೆಮ್ಮಿದರು. ಬಾಷಾಬಿ ಹೋಗಿ ಹರವಿಯ ಹಿಂದೆ ಇಣುಕಿದಳು.

“ಯಾರಿಗೋ ನೆಗಡಿ ಆಗೇತಿ,” ಅಂದಳು ಅವ್ವ. ಅದೇ ರೆಕಾರ್ಡನ್ನು ಅವಳು ಎರಡು ವರ್ಷ ಕೇಳಿದ್ದಳು, ಆ ಕೆಮ್ಮು ಕೇಳಿರಲಿಲ್ಲ. ಏಳೂ ಮಂದಿ ಕೂತರು. ಕೂತವರು ರೆಕಾರ್ಡಿನ ಎರಡೂ ಮಗ್ಗುಲು ಮುಗಿಯುವ ತನಕ ಏಳಲಿಲ್ಲ. ಆ ಸಂಜೆ ನನ್ನ ಕೈ ಅಡ್ಡ ಬಂದರೂ ನಾನು ಪಕ್ಕಕ್ಕೆ ಸರಿದು ಅದಕ್ಕೆ ದಾರಿ ಬಿಡುತ್ತಿದ್ದೆ, ಅಷ್ಟು ಮರ್ಯಾದೆ ಬಂದಿತ್ತು ಆ ಕೈಗೆ.

ಗುರುವಾರ ಮುಂಜಾನೆ ಐದಕ್ಕೆ ಆಂಪ್ಲಿಫಾಯರ್ ಹಚ್ಚಿ, ಗೋಡೆಗೆ ಒರಗಿ ಕೂತೆ. ಎಮ್ಮೆ ಇಲ್ಲದ್ದನ್ನು ಬುವಾ ಈಗ ಗಮನಿಸುತ್ತಾನೆ, ಎಂಟು ಗಂಟೆಗೆ ಚಹಾದಂಗಡಿಗೆ ಬರುತ್ತಾನೆ, ಮಾತು ತಿರುಗಿ ತೆಗೆದುಕೊಳ್ಳುತ್ತಾನೆ ಎಂಬುದು ನನ್ನ ಲೆಕ್ಕ.

ಆಚೆ ಬುವಾ ಗಂಟಲು ಸರಿಮಾಡಿಕೊಂಡ. “ಸಾ,” ಅಂದ. ನಿಲ್ಲಿಸಿದ. “ಸಾ,” ಅಂದ, ಸ್ವಲ್ಪ ಮೇಲೆ. ಮತ್ತೆ “ಸಾ,” ಇನ್ನೊಂದು ಕಡೆಯಿಂದ. ಮುಸುಕು ಹೊದ್ದು ಮಲಗಿದವನು ಹಾಸಿಗೆಯಲ್ಲಿ ಕನ್ನಡಕ ತಡಕಿದ ಹಾಗಿತ್ತು. ಕಡೆಗೆ ಒಂದನ್ನು ಹಿಡಿದು ಹೊರಟ. ಹೊರಟವನು ಒಂದು ಮನೆಯಿಂದ ಹೊರಬಿದ್ದು ಇನ್ನೊಂದು ಮನೆಗೆ ಬಂದು ಬಾಗಿಲು ಬಡಿದ. ಕಟ್ಟೆಯ ಮೇಲೆ ಕೂತಿದ್ದ ಮಂದಿ ಒಬ್ಬೊಬ್ಬರೇ ಎದ್ದರು, ಎಲ್ಲರಿಗೂ ಒಮ್ಮೆಲೇ ಹೊಲದಲ್ಲಿ ಕೆಲಸ ನೆನಪಾಗಿತ್ತು.

ಶುಕ್ರವಾರ ಬುವಾನ ಹೆಂಡತಿ ರೇವವ್ವ ಮೆಣಸಿನ ಕಷಾಯ ಮಾಡಿದಳು. ಬಾಷಾಬಿ ಜೇನುತುಪ್ಪ ಕೊಟ್ಟಳು. ಬುವಾ ಮಫ್ಲರು ಸುತ್ತಿಕೊಂಡ. ಸಾ ಬರಲಿಲ್ಲ. ಚಹಾದಂಗಡಿಯಲ್ಲಿ ಗಂಟಲ ಮಾತು ನಡೆದಿದ್ದಾಗ ಲೈನ್‌ಮನ್ ಈರಬಸಪ್ಪ ಬೀಡಿ ಆರಿಸಿ ಹೇಳಿದನಂತೆ:

“ಗಂಟಲದೊಳಗ ಏನೂ ಇಲ್ರಿ. ಹೊಳೆಪ್ಪ ಹೊಸಾ ಕಂಡೆನ್ಸರ್ ಹಾಕ್ಯಾನ. ಅವು ಸಪ್ಪಳಾ ಕುಡೀತಾವ. ಹಸನಸಾಬ ಹೇಳಿದ್ದು ನನ್ನ ಕಿವೀಲೆ ಕೇಳೀನಿ, ಒಂದ ಹನಿ ಬಿಡೂದಿಲ್ಲ. ನಡಕ ಒಂದ ಮಣ್ಣಿನ ಗ್ವಾಡಿ. ಬುವಾನ ಸಾ ಅದರ ಹೊಟ್ಟ್ಯಾಗ ಐತಿ.”

ಕಂಬ ಹತ್ತುವ ಮನುಷ್ಯ ಕರೆಂಟಿನ ಬಗ್ಗೆ ಹೇಳಿದ ಮೇಲೆ ನೆಲದ ಮೇಲಿನವರು ಏನು ಮಾತಾಡುತ್ತಾರೆ. ಮಧ್ಯಾಹ್ನಕ್ಕೆಲ್ಲ ಮಂದಿ ನನ್ನ ಮನೆಯ ಮುಂದೆ ಬಾಯಿಗೆ ಕೈ ಅಡ್ಡ ಹಿಡಿದು ಹಾಯತೊಡಗಿದರು. ಮಜ್ಜಿಗೆ ಮಾರುವವಳು ನಮ್ಮ ಓಣಿಯಲ್ಲಿ ಕೂಗುವುದನ್ನು ನಿಲ್ಲಿಸಿದಳು, ಅಂದು ಹದಿನೇಳು ಮನೆಯವರು ಬರೀ ಸಾರಿನಲ್ಲಿ ಉಂಡರು. ಭಜನೆಯವರು ಹಿಂದಿನ ಓಣಿಯಿಂದ ಸುತ್ತಿಕೊಂಡು ಹೋದರು. ಸಂಜೆ ಹಿಂದಿನ ಓಣಿಯ ಮಹಾದೇವಕ್ಕ ತನ್ನ ಅತ್ತೆಯನ್ನು ಕೈಹಿಡಿದು ಕರೆತಂದಳು.

“ಹೊಳೆಪ್ಪಾ, ನಮ್ಮ ಅತ್ತಿನ್ನ ಒಂದ ತಾಸು ಇದರ ಮುಂದ ಕೂಡಸ್ಲ್ಯಾ? ಪೂರಾ ಬ್ಯಾಡ. ಅರ್ಧಾ ಕುಡದ್ರ ಸಾಕು.”

“ಇದು ಆಂಪ್ಲಿಫಾಯರ್ ಐತಿ ಮಹಾದೇವಕ್ಕಾ. ಸಪ್ಪಳಾ ದೊಡ್ಡದು ಮಾಡತೈತಿ.”

“ಹಂಗಾದ್ರ ಬ್ಯಾಡ,” ಎಂದು ಅತ್ತೆಯನ್ನು ಬಿರಬಿರನೆ ಎಳೆದುಕೊಂಡು ಹೋದಳು. ಅತ್ತೆ ಮೂಲೆ ತಿರುಗುವ ತನಕ ಬಯ್ಯುತ್ತಲೇ ಇದ್ದಳು. ಏನೂ ಕಡಿಮೆಯಾಗಿರಲಿಲ್ಲ.

ಶನಿವಾರ ಬುವಾನೇ ಬಾಗಿಲಲ್ಲಿ ಬಂದು ನಿಂತ. ಮಫ್ಲರಿನೊಳಗಿಂದ ಪಿಸುಗುಟ್ಟಿದ. “ನನ್ನ ಸಾ ಕೊಡು.”

“ಎಲ್ಲಿಟ್ಟಿದ್ರಿ?” ಅಂದೆ.

ಅವನು ಹರವಿಯನ್ನೇ ನೋಡುತ್ತಿದ್ದ. ಅದು ಸುಮ್ಮನೆ, ಅಗದಿ ಸುಮ್ಮನೆ ಕೂತಿತ್ತು. ಎರಡು ವರ್ಷ ಬಯ್ದವನು ಎದುರಿಗೆ ನಿಂತರೂ ಒಂದು ಹುಂ ಅನ್ನಲಿಲ್ಲ. ಇದರ ಬಗ್ಗೆ ಒಂದು ಮಾತಾಡುತ್ತಾನೇನೋ ಎಂದು ಕಾದೆ. ಅವನಿಗೆ ಅದು ಹೊಳೆಯಲೇ ಇಲ್ಲ. ತಿರುಗಿ ಹೋದ. ಸಿಟ್ಟಿಗೆ ಮನೆಯ ಜಂತಿಗಳನ್ನು ಎಣಿಸಿದೆ. ಇಪ್ಪತ್ತೆರಡು.

ಭಾನುವಾರ ಓಣಿಯೇ ನಮ್ಮ ಮನೆಯೊಳಗೆ ಬಂತು. ಈರಬಸಪ್ಪ ಕಂಬ ಹತ್ತುವ ಬೆಲ್ಟು ಕಟ್ಟಿಕೊಂಡೇ ಬಂದಿದ್ದ, ಸರಕಾರಿ ಕೆಲಸ ಅನ್ನಿಸಲಿ ಎಂದು.

“ಹೊಸಾವ ತಗದು ಹಳೇವ ಹಾಕು,” ಅಂದ.

“ತಗ್ಯಾಂಗಿಲ್ಲ.”

“ಬುವಾ ಶನಿವಾರ ಧಾರವಾಡ ಮಂದಿ ಮುಂದ ಹಾಡಬೇಕೋ. ಊರ ಮಾನಾ ಐತಿ.”

“ನನ್ನ ಮಾನಾ ಹನ್ನೊಂದ ಮಂದಿ ಮುಂದ ಹ್ವಾದಾಗ ಊರು ಎಲ್ಲಿತ್ತು? ಚಹಾ ಕುಡಿಯಾಕ ಹತ್ತಿತ್ತು.”

ಅವ್ವ ಹಸನಸಾಬನನ್ನು ಕರೆಸಿದ್ದಳು. ಅವನು ಬಂದವನೇ ನನ್ನ ಕಿಸೆಯ ಕಡೆ ಕೈ ಚಾಚಿದ. ಉಸ್ತಾದ ಕೈ ಚಾಚಿದರೆ ಇಲ್ಲ ಅನ್ನುವ ಹಾಗಿಲ್ಲ. ಎರಡು ಹಳೆಯ ಕಂಡೆನ್ಸರು ಕೊಟ್ಟೆ. ಹತ್ತು ನಿಮಿಷದಲ್ಲಿ ಬೆಸುಗೆಯಾಯಿತು. ಸ್ವಿಚ್ಚು ಒತ್ತಿದ. ವಾಲ್ವು ಕಾದವು. ಗುಂಯ್.

ನನಗೆ ಮುಖ ಎತ್ತಲಾಗಲಿಲ್ಲ. ಅವ್ವನ ಮುಖ ಮಾತ್ರ ಅರಳಿತು, ಓಡಿಹೋದ ಆಕಳು ಮನೆಗೆ ಬಂದ ಹಾಗೆ.

ಗೋಡೆಯ ಆಚೆ ಬುವಾ ಅರಿಶಿನದ ಹಾಲು ಕುಡಿದು ಮಲಗಿದ್ದ. ಇಲ್ಲಿ ಏನು ನಡೆದಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಒಂದು ನಿಮಿಷ ಏನೂ ಇಲ್ಲ. ಆಮೇಲೆ, “ಸಾ.” ಒಂದೇ ಸಲಕ್ಕೆ, ಮೊಳೆ ಹೊಡೆದ ಹಾಗೆ. ಎದ್ದು ಕೂತು ಹಾಡತೊಡಗಿದ.

“ಬಿಡತು ನೋಡ್ರಿ,” ಅಂದ ಈರಬಸಪ್ಪ. “ನುಂಗಿದ್ದು ಬಿಡತು.”

ಮಂದಿ ಕೈ ಮುಗಿದರು. ಹಸನಸಾಬ ಮಾತ್ರ ತಲೆ ಓರೆ ಮಾಡಿ, ಕಣ್ಣು ಮುಚ್ಚಿ, ಒಮ್ಮೆ ಹರವಿಯ ಕಡೆ, ಒಮ್ಮೆ ಗೋಡೆಯ ಕಡೆ ಕಿವಿ ಕೊಟ್ಟ. ಆಮೇಲೆ ಮೆಲ್ಲಗೆ ಸ್ಪೀಕರಿನ ಒಂದು ವೈರು ಬಿಡಿಸಿದ. ಗುಂಯ್ ನಿಂತಿತು. ಆಚೆ ಬುವಾ ಇಲ್ಲದ ಮೆಟ್ಟಿಲ ಮೇಲೆ ಕಾಲಿಟ್ಟವನ ಹಾಗೆ ಮುಗ್ಗರಿಸಿದ. ವೈರು ಹಚ್ಚಿದ. ಬುವಾ ಎದ್ದು ನಿಂತ. ಬಿಡಿಸಿದ. ಬಿದ್ದ. ಹಚ್ಚಿದ. ಎದ್ದ. ಮನೆಯೊಳಗೆ ಉಸಿರಿನ ಸಪ್ಪಳವೂ ಇರಲಿಲ್ಲ. ಕಂಡೆನ್ಸರು ಕುಡಿಯುತ್ತವೆ ಎಂಬ ಹೆದರಿಕೆಯಿಂದಲ್ಲ.

ಬಾಗಿಲಲ್ಲಿ ರೇವವ್ವ ನಿಂತಿದ್ದಳು, ಕೈಯಲ್ಲಿ ಹಾಲಿನ ಖಾಲಿ ವಾಟಗ. ಎಲ್ಲರಿಗಿಂತ ಮೊದಲು ತಿಳಿದದ್ದು ಅವಳಿಗೆ.

“ಅಯ್ಯ,” ಅಂದಳು. “ಇದು ನಮ್ಮ ತಂಬೂರಿ.”

ಮೊದಲು ಬಾಷಾಬಿ ನಕ್ಕಳು. ಆಮೇಲೆ ಬೆಲ್ಟು ಕಟ್ಟಿದವನು ಬಿಟ್ಟು ಎಲ್ಲರೂ. ಎರಡು ವರ್ಷ ಇಡೀ ಓಣಿ ಬೆರಗಾಗಿ ಕೇಳಿದ ಸಾ, ಕಿವಿಯಲ್ಲಿ ಹುಟ್ಟಿದ ಸಾ, ನನ್ನ ಸೀಮೆಎಣ್ಣೆ ಡಬ್ಬಿಯ ತಗಡಿನ ಮೇಲೆ ಹುಟ್ಟಿತ್ತು. ಕರೆಂಟು ಹೋದಾಗ ರಾಗದ ಮುಖ ಯಾಕೆ ಕಾಣುತ್ತಿರಲಿಲ್ಲ ಎಂಬುದೂ ಆಗ ಎಲ್ಲರಿಗೂ ಕಂಡಿತು. ನಗು ಗೋಡೆ ದಾಟಿತೆಂದು ಕಾಣುತ್ತದೆ, ಬುವಾ ಹಾಡು ನಿಲ್ಲಿಸಿದ.

ಮಂದಿ ಹೋದ ಮೇಲೆ ನಾನು ಹಳೆಯವನ್ನು ಕಿತ್ತು ಹೊಸವನ್ನು ಮತ್ತೆ ಹಾಕಿದೆ.

“ಒಂದ ಸ್ವಿಚ್ ಇಟ್ಟುಬಿಡು ಬೇಟಾ,” ಅಂದ ಹಸನಸಾಬ. “ಹಳೇವೂ ಇರಲಿ, ಹೊಸಾವೂ ಇರಲಿ. ಈ ಕಡೆ ಒತ್ತಿದ್ರ ಗುಂಯ್, ಆ ಕಡೆ ಒತ್ತಿದ್ರ ಸುಮ್ಮ.”

“ಚೊಲೋ ಮಿಷಿನ್ನಿಗೆ ಕೈಯಾರೆ ಊನ ಇಡ್ಲ್ಯಾ ಕಾಕಾ? ನಿಮ್ಮ ಶಿಷ್ಯಾ ನಾ.”

ಅವನು ನಕ್ಕು ಚಪ್ಪಲಿ ಮೆಟ್ಟಿದ.

ಮೂರು ದಿನ ಗೋಡೆಯ ಆಚೆ ಹಾಡಿಲ್ಲ. ರೇವವ್ವ ಎಲ್ಲಿಂದಲೋ ಒಂದು ತಂಬೂರಿ ಬೇಡಿ ತಂದಳು. ಬುವಾ ಅದರ ಕಿವಿ ತಿರುವುತ್ತ ಕೂತ, ತಂತಿ ಒಂದು ಹರಿಯಿತು, ಅದನ್ನು ತಿರುಗಿ ಕಳಿಸಿದಳು. ಈ ಕಡೆ ನಾನು ರೆಕಾರ್ಡು ಹಾಕುತ್ತಿದ್ದೆ, ಅದರೊಳಗಿನ ಆ ಮನುಷ್ಯ ಕೆಮ್ಮುತ್ತಿದ್ದ, ಅವ್ವ ಅವನಿಗೆ ಇನ್ನೂ ನೆಗಡಿ ಹೋಗಿಲ್ಲ ಅನ್ನುತ್ತಿದ್ದಳು.

ಗುರುವಾರ ಮುಂಜಾನೆ ಎಂಟಕ್ಕೆ ಬಸ್ ನಿಲ್ದಾಣದ ಮುಂದೆ ಹಾಯುತ್ತಿದ್ದಾಗ ಚಹಾದಂಗಡಿಯಿಂದ ಬುವಾನ ದನಿ ಬಂತು. “ಹೊಳೆಪ್ಪಾ, ಒಳಗ ಬಾ.”

ಒಳಗೆ ಹೋದೆ, ಕೂಡಲಿಲ್ಲ. ಎಣಿಸಿದೆ. ಹನ್ನೊಂದು. ಒಬ್ಬನೂ ಬದಲಾಗಿರಲಿಲ್ಲ. ಬುವಾ ಮನೆಮನೆಗೆ ಹೋಗಿ ಕರೆದು ಕೂರಿಸಿದ್ದನೆಂದು ಶಂಕ್ರಪ್ಪ ಆಮೇಲೆ ಹೇಳಿದ. ಒಬ್ಬ ಹೊಲದಿಂದ ಬಂದಿದ್ದ, ಕಾಲಲ್ಲಿ ಎರೆಮಣ್ಣು ಇನ್ನೂ ಹಸಿ ಇತ್ತು.

ಬುವಾ ಮಫ್ಲರು ಬಿಚ್ಚಿ ತೊಡೆಯ ಮೇಲಿಟ್ಟ.

“ಎಮ್ಮಿ ಅಂದಿದ್ದೆ,” ಅಂದ. “ಇದೇ ಬಾಕಿನ ಮ್ಯಾಲ. ಅದು ಎಮ್ಮಿ ಅಲ್ಲ. ಸಾಲಿ ಬಿಟ್ಟದ್ದೂ ಅಲ್ಲ. ಎರಡ ವರ್ಷ ನಾ ಅದರ ಸಾಲ್ಯಾಗ ಕುಂತಿದ್ದೆ, ನನಗ ಗೊತ್ತಿರಲಿಲ್ಲ. ಅಂದ ಮಾತು ತಿರುಗಿ ತಗೊಂಡೇನಿ. ಕೇಳಿದ್ರಿಲ್ಲೋ ಎಲ್ಲಾರೂ?”

“ಕೇಳಿದಿವ್ರಿ,” ಅಂದರು ಹತ್ತು ಮಂದಿ. ಹನ್ನೊಂದನೆಯವನು ಚಹಾ ನುಂಗಿ, “ಹೌದ್ರಿ,” ಅಂದ.

ಶಂಕ್ರಪ್ಪ ಒಂದು ಕಪ್ಪು ತಂದು ಬಾಕಿನ ತುದಿಗಿಟ್ಟ. ಕೂತೆ. ಸಕ್ಕರೆ ಎರಡು ಚಮಚ ಹೆಚ್ಚಿತ್ತು.

“ಮತ್ತ ಈಗ ಹೊಸಾದು ಹಾಕೀ,” ಅಂದ ಬುವಾ. “ಚೊಲೋ ಆಗೈತಿ ಅಂತಾರ. ನನಗ ಕೇಳೂದಿಲ್ಲ ಅದು, ಅದಕ್ಕ ಚೊಲೋನ ಇರಬೇಕು.”

ಎರಡು ವರ್ಷದಲ್ಲಿ ನನ್ನ ಕೈಕೆಲಸಕ್ಕೆ ಅವನಾಡಿದ ಮೊದಲ ಒಳ್ಳೆಯ ಮಾತು.

“ಬ್ಯಾರೆ ತಂಬೂರಿ ಚೊಲೋದು ತರಸ್ರಿ ಬುವಾ,” ಅಂದ ಎರೆಮಣ್ಣಿನವನು.

“ತಂಬೂರಿ ಒಂದೊಂದ ತಂತಿ ಮಿಡದು ಬಿಡತೈತಿ. ಇವನದು ನಡಕ ಉಸಿರು ತಗೊಳ್ಳೂದಿಲ್ಲ. ಅದರ ಮ್ಯಾಲ ಕುಂತು ನನ್ನ ಸಾ ರೂಢಿ ಬಿದ್ದೈತಿ.” ಬುವಾ ನನ್ನ ಕಡೆ ತಿರುಗಿದ. ಆಗ ಅವನ ದನಿ ಹಾಡುವವನದಾಗಿರಲಿಲ್ಲ, ಮಗ್ಗಿ ಬಾರದ ಹುಡುಗನದಾಗಿತ್ತು. “ಶನಿವಾರ ವಾಡೇದಾಗ ನನ್ನ ಬೆನ್ನ ಹಿಂದ ಅದನ್ನ ಇಡತೀ ಏನು, ಹೊಳೆಪ್ಪಾ? ಹಳೇ ಕಂಡೆನ್ಸರ್ ಹಾಕಿ? ಮುಚ್ಚಿಡಬ್ಯಾಡ. ಧಾರವಾಡದವರಿಗೆ ಕಾಣೂ ಹಂಗ ಇಡು. ಯಾರ್ದಂತ ಕೇಳಿದ್ರ ನಾನ ಹೇಳತೇನಿ.”

ಹನ್ನೊಂದು ಮಂದಿಯೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

ಚಹಾ ಪೂರಾ ಕುಡಿದೆ. ಖಾಲಿ ಕಪ್ಪನ್ನು ಬಸಿಯ ಮೇಲೆ ಬೋರಲು ಹಾಕಿದೆ. ಎದ್ದು, ಅವರ ನಡುವಿನಿಂದ ಹೊರಗೆ ಬಂದು ನಡೆದೆ. ಹೆಜ್ಜೆ ಹೆಜ್ಜೆಗೂ ಅಂಗಿಯ ಕಿಸೆಯಲ್ಲಿ ಎರಡು ಹಳೆಯ ಕಂಡೆನ್ಸರು ಟಕ್ ಟಕ್ ಎಂದು ತಾಕಾಡುತ್ತಿದ್ದವು. ಮನೆಯ ದಾರಿ ಬಿಟ್ಟು ಸ್ಟೇಷನ್ನಿನ ದಾರಿ ಹಿಡಿದೆ. ಹುಬ್ಬಳ್ಳಿಯ ಗಾಡಿಗೆ ಇನ್ನೂ ಹತ್ತು ನಿಮಿಷವಿತ್ತು, ನನಗೆ ಒಂದು ಸ್ವಿಚ್ಚು ಬೇಕಾಗಿತ್ತು.